ಬಂಡೆಯ ಮೇಲಿನ ಹೊನ್ನೆ ಹಲಗೆಗಳು

ಮಧುಗಿರಿಯ ನಮ್ಮ ಮನೆಗೆ ಹಿತ್ತಲು ಅಂತ ಒಂದಿರಲಿಲ್ಲ. ಹಿತ್ತಲು ಇರಬೇಕಾದ ಕಡೆ ಬೆಟ್ಟವಿತ್ತು. ಹಿಂಬಾಗಿಲು ತೆಗೆದರೆ ನಾಲ್ಕು ಮಾರು ಮಣ್ಣು, ಅದರಾಚೆಗೆ ಬೋಳು ಬಂಡೆ ಓರೆಯಾಗಿ ಏರುತ್ತ ಏರುತ್ತ ಎಲ್ಲೋ ಮೇಲೆ ಕೋಟೆಯ ಗೋಡೆಗೆ ಸೇರಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಕಾದ ಆ ಬಂಡೆ ದೀಪ ಹಚ್ಚುವ ಹೊತ್ತಾದರೂ ಬರಿಗಾಲಿಡಲು ಬಿಡುತ್ತಿರಲಿಲ್ಲ. ಮಳೆ ಹೊಯ್ದರೆ ಬೆಟ್ಟದ ನೀರೆಲ್ಲ ಅದರ ಮೇಲೆ ಜಾರಿಕೊಂಡು ಬಂದು, ನಮ್ಮ ಹೊಸ್ತಿಲಿಗೆ ಬಡಿದು, ಪಕ್ಕದ ಕಾಲುವೆಗೆ ತಿರುಗುತ್ತಿತ್ತು. ಮನೆ ನಾಡಹೆಂಚಿನದು. ಬೀದಿಗೆ ಜಗಲಿ, ಒಳಗೆ ಪಡಸಾಲೆ, ಪಡಸಾಲೆಯ ಎಡಕ್ಕೆ ಕಿಟಕಿಯೇ ಇಲ್ಲದ ನಡುಕೋಣೆ, ಕೊನೆಗೆ ಅಡುಗೆಮನೆ. ಅಡುಗೆಮನೆಯ ಹೊಗೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗಬೇಕು ಎಂದು ಕಟ್ಟಿದವರು ಅಂದುಕೊಂಡಿದ್ದರೇನೋ. ಅದು ಮಾತ್ರ ನಡುಕೋಣೆಯ ಹಾದಿಯನ್ನೇ ಹಿಡಿಯುತ್ತಿತ್ತು. ಅಲ್ಲಿ ಮಡಿಸಿಟ್ಟ ಬಟ್ಟೆ, ಹಾಸಿಗೆ, ನನ್ನ ಪುಸ್ತಕದ ಚೀಲ ಎಲ್ಲಕ್ಕೂ ಸೌದೆಯ ವಾಸನೆ. ನಾನು ಹುಟ್ಟಿದ್ದು ಆ ಕೋಣೆಯಲ್ಲೇ.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ಮೆತ್ತಗಿನ ಮನುಷ್ಯ. ಅಪ್ಪನ ತಾಯಿ, ನನ್ನ ಅಜ್ಜಿ, ಮಿಡಿಗೇಶಿಯವರು. ಆ ಮನೆಯಲ್ಲಿ ಮೆತ್ತಗಿಲ್ಲದ ಒಂದೇ ಜೀವ. ಅಮ್ಮ ಪಾವಗಡದ ಕಡೆಯ ವಳ್ಳೂರಿನವಳು. ಅಲ್ಲಿಯವರ ಹಾಗೆ ಕನ್ನಡ ಮಾತಾಡುತ್ತಾ ಮಾತಾಡುತ್ತಾ ತೆಲುಗಿಗೆ ಹೊರಳಿಬಿಡುತ್ತಿದ್ದಳು. ನನ್ನನ್ನು ಮುದ್ದಿನಿಂದ ಕರೆಯುವಾಗ ‘ನಾ ತಲ್ಲಿ’ ಎನ್ನುವಳು. ನನ್ನ ತಾಯೇ ಅಂತ. ಅಜ್ಜಿಗೆ ಆ ತೆಲುಗಿನ ಬಗ್ಗೆಯೂ, ಅಮ್ಮ ಮಾಡುವ ಪುಂಟಿಕೂರ ಪಪ್ಪಿನ ಬಗ್ಗೆಯೂ ಒಂದಿಷ್ಟು ತಕರಾರಿತ್ತು. ಪುಂಡಿಸೊಪ್ಪಿನ ಆ ಹುಳಿ ಪಪ್ಪನ್ನು ಮುದ್ದೆಗೆ ಎರಡು ಸಲ ಹಾಕಿಸಿಕೊಂಡು ಉಂಡ ಮೇಲೆಯೇ ತಕರಾರು ಹೊರಡುತ್ತಿತ್ತು.

“ಸಾರು ಅಂದ್ರೆ ಸಾರು ಇರ್ಬೇಕು. ಇದೇನಮ್ಮ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ.”

ಅಮ್ಮ ತಲೆ ತಗ್ಗಿಸಿ ನಗುತ್ತಿದ್ದಳು. ಇಬ್ಬರೂ ಜಗಳವಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಹತ್ತಿರ ಕೂತು ಮಾತಾಡಿದ್ದನ್ನೂ ನೋಡಿರಲಿಲ್ಲ.

ನನಗೆ ಒಂಬತ್ತು ತುಂಬುವ ಹೊತ್ತಿಗೆ ಅಮ್ಮನಿಗೆ ಕೆಮ್ಮು ಹಿಡಿಯಿತು. ಚಳಿಗಾಲದ ಕೆಮ್ಮು ಬೇಸಿಗೆಗೂ ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುವುದು, ಬಳೆಗಳು ಮೊಣಕೈಯವರೆಗೆ ಜಾರುವುದು. ಶುಂಠಿ, ಮೆಣಸು, ಆಡುಸೋಗೆ ಎಲ್ಲ ಮುಗಿದ ಮೇಲೆ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಅಪ್ಪನನ್ನು ವರಾಂಡಕ್ಕೆ ಕರೆದು ಹೇಳಿದ್ದನ್ನು ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

“ಕ್ಷಯ ಮೇಷ್ಟ್ರೇ. ಆದರೆ ಹೆದರಬೇಡಿ, ಈಗ ಮೊದಲಿನ ಹಾಗಲ್ಲ, ಔಷಧಿ ಬಂದಿದೆ. ಸೂಜಿ, ಮಾತ್ರೆ, ಒಂದೂವರೆ ವರ್ಷ ಒಂದು ದಿನಾನೂ ಬಿಡಬಾರದು. ದೊಡ್ಡಾಸ್ಪತ್ರೇಲಿ ಹಾಸಿಗೆ ಸಿಗೋ ಹಾಗೆ ಕಾಣೋದಿಲ್ಲ, ಮನೇಲೇ ನೋಡ್ಕೊಳಿ. ಹೊಗೆ ಇರೋ ಕಡೆ, ಕತ್ತಲಿರೋ ಕಡೆ ಮಲಗಿಸಬೇಡಿ. ಗಾಳಿ ಬೇಕು, ಬೆಳಕು ಬೇಕು. ಮಗೂನ ಹತ್ತಿರ ಬಿಡಬೇಡಿ.”

ಗಾಳಿ ಬೆಳಕು ಎರಡೂ ಇದ್ದ ಜಾಗ ನಮ್ಮ ಮನೆಯಲ್ಲಿ ಬೀದಿ ಜಗಲಿ ಒಂದೇ. ಅಲ್ಲಿ ಮಲಗಿಸಿದರೆ ಬೀದಿಯವರೇ ಬಿಡುತ್ತಿರಲಿಲ್ಲ. ಕ್ಷಯ ಎಂದರೆ ಆಗ ಜನ ಹೆಸರನ್ನೂ ಹೇಳುತ್ತಿರಲಿಲ್ಲ, ‘ಆ ಕಾಯಿಲೆ’ ಎನ್ನುತ್ತಿದ್ದರು. ಉಳಿದದ್ದು ಹಿಂಬಾಗಿಲ ಆಚೆಯ ಓರೆ ಬಂಡೆ. ಬಂಡೆಯ ಮೇಲೆ ಕಾಲು ನೆಟ್ಟು, ಮಟ್ಟಸವಾಗಿ ಹಲಗೆ ಹಾಸಿ, ಮೇಲೊಂದು ಗರಿಯ ಚಪ್ಪರ ಹಾಕಿಬಿಡುತ್ತೇನೆ ಎಂದು ಅಪ್ಪ ಹೇಳಿದಾಗ ಅಜ್ಜಿ ಒಪ್ಪಲಿಲ್ಲ.

“ಲೇ ನಂಜುಂಡ, ಈ ಊರಾಗೆ ಕಲ್ಗೇನ್ ಬರ ಬಂದೈತೆ? ನಾಕು ಚಪ್ಪಡಿ ಎಳ್ಸಾಕು. ಬಯಲಾಗೆ ಮರ ಹಾಸಿರೋ ಮನೇನ ಎಲ್ಲಾರ ನೋಡಿದೀಯಾ?”

“ಚಪ್ಪಡಿನೂ ಬಂಡೆನೂ ಒಂದೇ ಅಲ್ವೇನಮ್ಮ. ಹಗಲೆಲ್ಲ ಕಾಯ್ತದೆ, ಚಳೀಲಿ ಕೊರೀತದೆ. ಜ್ವರದ ಮೈ, ಹೆಂಗೆ ಮಲಗ್ತಾಳೆ?”

ಅಪ್ಪನಿಗೆ ಅವಸರವಿತ್ತು. ಮರದ ಬಗ್ಗೆ ಅವರಿಗೆ ತಿಳಿದದ್ದು ಶಾಲೆಯ ಕರಿಹಲಗೆಯಷ್ಟೇ. ಮರ ಕೊಯ್ಯುವ ಕಾರ್ಖಾನೆಯಲ್ಲಿ ಅಂದು ಸಿಕ್ಕಿದ ಮಾವಿನ ಹಲಗೆಗಳನ್ನು ತಂದರು. ಅಗಲವಾದ, ಬೆಳ್ಳಗಿನ, ನೋಡಲು ಚೆಂದದ ಹಲಗೆಗಳು. ಬಂಡೆಯ ಸಂದಿನ ಮಣ್ಣಿಗೆ ಗಳ ನೆಟ್ಟು, ಅದರ ಮೇಲೆ ಒಂದಕ್ಕೊಂದು ಒತ್ತಿ ಹಲಗೆ ಜೋಡಿಸಿ ಮೊಳೆ ಹೊಡೆಸಿದರು. ಎರಡೇ ದಿನದ ಕೆಲಸ. ಅಮ್ಮ ತನ್ನ ಚಾಪೆ, ಚೊಂಬು, ತಟ್ಟೆಯೊಡನೆ ಅಲ್ಲಿಗೆ ಹೋದಳು. ನಾನು ಹಿಂಬಾಗಿಲ ಹೊಸ್ತಿಲು ದಾಟಬಾರದೆಂದು ಅಪ್ಪ ಹೇಳಿದರು. ಹೊಸ್ತಿಲಿಗೂ ಅವಳ ಚಾಪೆಗೂ ನಡುವೆ ಆರು ಮಾರು ಇದ್ದಿರಬೇಕು. ಬೇಸಿಗೆಯ ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಬೆಳಗಿನ ಬಿಸಿಲಿನಲ್ಲಿ ಅಮ್ಮ ಕೂದಲು ಬಿಚ್ಚಿಕೊಂಡು ಕೂರುತ್ತಿದ್ದಳು. ಅಪ್ಪ ದಿನವೂ ಸೂಜಿ ಹಾಕಿಸಲು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಅಮ್ಮನ ಮುಖಕ್ಕೆ ಸ್ವಲ್ಪ ಕಳೆ ಬಂತು.

ಆಮೇಲೆ ಮಳೆ ಹಿಡಿಯಿತು. ಗರಿಯ ಚಪ್ಪರ ಎರಚಲನ್ನು ತಡೆಯಲಿಲ್ಲ. ಒತ್ತಾಗಿ ಕೂಡಿಸಿದ್ದ ಮಾವಿನ ಹಲಗೆಗಳಿಗೆ ನೀರು ಹರಿದುಹೋಗಲು ದಾರಿಯೇ ಇರಲಿಲ್ಲ. ಅವು ಉಬ್ಬಿ, ಅಂಚುಗಳು ಮೇಲೆದ್ದು, ನಡುವೆ ತಟ್ಟೆಯ ಹಾಗೆ ಗುಳಿಬಿದ್ದು ನೀರು ನಿಲ್ಲುತ್ತಿತ್ತು. ಮೇಲೆ ಕಪ್ಪು ಬೂಷ್ಟು ಕಟ್ಟಿತು. ಮೊಳೆಗಳ ಸುತ್ತ ತುಕ್ಕಿನ ಕಲೆ ಹರಡಿತು. ಗಳಗಳ ಬುಡದಿಂದ ಗೆದ್ದಲಿನ ಮಣ್ಣುದಾರಿಗಳು ಮೇಲೇರಿದ್ದನ್ನು ನಾನು ಹೊಸ್ತಿಲಿನಿಂದಲೇ ನೋಡಿದ್ದೆ. ಅದು ಏನೆಂದು ಗೊತ್ತಿಲ್ಲದೆ ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಿಟ್ಟರು. ನಾನು ಸ್ಲೇಟಿನ ಮೇಲೆ ಬೆಟ್ಟದ ಚಿತ್ರ ಬರೆದಿದ್ದೆ, ಅದನ್ನು ಅಮ್ಮನಿಗೆ ತೋರಿಸಬೇಕಿತ್ತು. ಅಜ್ಜಿ ಪಡಸಾಲೆಯಲ್ಲಿ ಮಲಗಿದ್ದರು. ಹೊಸ್ತಿಲಿನಿಂದ ತೋರಿಸಿದರೆ ಅಮ್ಮನಿಗೆ ಕಾಣಲಿಲ್ಲ. ನಾನು ಹೊಸ್ತಿಲು ದಾಟಿದೆ. ಮಣ್ಣು ದಾಟಿದೆ. ಹಲಗೆಯ ಅಂಚಿಗೆ ಒಂದು ಕಾಲಿಟ್ಟೆ.

“ವದ್ದು ನಾ ತಲ್ಲಿ, ಬೇಡ, ಅಲ್ಲೇ ನಿಂತ್ಕೋ” ಎಂದು ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದಳು. ನನ್ನಿಂದ ದೂರವಾಗಬೇಕೆಂದು ಹಿಂದಕ್ಕೆ ಹೆಜ್ಜೆ ಇಟ್ಟಳು. ಎರಡನೆಯ ಹೆಜ್ಜೆಗೆ ಹಲಗೆ ಮುರಿಯಿತು. ಸದ್ದು ಕೂಡ ಹೆಚ್ಚು ಆಗಲಿಲ್ಲ, ನೆನೆದ ರೊಟ್ಟಿ ಮುರಿದ ಹಾಗೆ. ಅಮ್ಮನ ಬಲಗಾಲು ತೊಡೆಯವರೆಗೆ ಕೆಳಗೆ ಹೋಯಿತು. ಮೊಳೆಯೊಂದು ಮೀನಖಂಡವನ್ನು ಉದ್ದಕ್ಕೆ ಸೀಳಿತು. ನಾನು ಓಡಿ ಒಳಗೆ ಬಂದುಬಿಟ್ಟೆ. ಅಜ್ಜಿಯೇ ಎದ್ದು ಹೋಗಿ, ಅವಳ ಕಂಕುಳಿಗೆ ಕೈ ಕೊಟ್ಟು ಎಳೆದು, ಎತ್ತಿಕೊಂಡಂತೆಯೇ ನಡುಕೋಣೆಗೆ ತಂದು ಮಲಗಿಸಿದರು. ಹೇಗಾಯಿತೆಂದು ಅಪ್ಪ ಕೇಳಿದಾಗ ಅಮ್ಮ, “ನೀರು ಕುಡಿಯೋಣಾಂತ ಎದ್ದಿದ್ದೆ” ಎಂದಳು. ನಾನೂ ಬಾಯಿ ಬಿಡಲಿಲ್ಲ.

ಗಾಯಕ್ಕೆ ಕೀವು ಕಟ್ಟಿತು. ಹೊಗೆಯ ಕೋಣೆಯಲ್ಲಿ ಕೆಮ್ಮು ಮತ್ತೆ ಏರಿತು. ಒಂದು ದಿನ ಸೆರಗಿನ ಮೇಲೆ ರಕ್ತ ಕಾಣಿಸಿತು. ಅಪ್ಪ ವಳ್ಳೂರಿನ ನಮ್ಮ ಸೋದರಮಾವನಿಗೆ ಕಾಗದ ಬರೆದರು. ಅಲ್ಲಿ ಬಯಲು ಸೀಮೆ, ಗಾಳಿ ಚೆನ್ನಾಗಿದೆ, ಸ್ವಲ್ಪ ದಿನ ಕರೆದುಕೊಂಡು ಹೋಗಿ ಅಂತ. ಆದರೆ ಅಲ್ಲಿ ದಿನಾ ಸೂಜಿ ಹಾಕುವವರು ಯಾರೂ ಇರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಬರೆದ ಕಾಗದ ಅಪ್ಪನ ಕೋಟಿನ ಜೇಬಿನಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಅವರು ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ವಾರ ಶಾಲೆಯ ಬೆಂಚುಗಳ ದುರಸ್ತಿಗೆ ಸಿರಾದಿಂದ ಬುಡನ್ ಸಾಬರು ಬಂದಿದ್ದರು. ಅರವತ್ತು ದಾಟಿದ ಬಡಗಿ. ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಒಂದು ಸೀಸದಕಡ್ಡಿ. ಅಪ್ಪ ಅವರನ್ನು ಮನೆಗೆ ಕರೆತಂದು ಮುರಿದ ಅಟ್ಟಣೆ ತೋರಿಸಿದರು. ಬುಡನ್ ಸಾಬರು ಸೊಂಟದಿಂದ ಚಾಕು ತೆಗೆದು ಒಂದು ಹಲಗೆಗೆ ಒತ್ತಿದರು. ಅಲಗು ಹಿಡಿಯವರೆಗೂ ಇಳಿಯಿತು.

“ಮಾಸ್ಟ್ರೇ, ಮಾವು ಮನೆ ಒಳಗಿನ ಮರ. ಪೆಟ್ಗೆ ಮಾಡಿ, ಮಂಚ ಮಾಡಿ, ನೂರು ವರ್ಷ ಇರ್ತದೆ. ಬಿಸಿಲು ಮಳೆಗೆ ಹಾಕಿದ್ರೆ ಅದು ಏನ್ ಮಾಡ್ತದೆ ಪಾಪ. ಅದ್ರದ್ದು ತಪ್ಪಲ್ಲ.”

“ಹಾಗಾದ್ರೆ ಯಾವ ಮರ ಹಾಕ್ಬೇಕು ಸಾಬರೇ? ಬೇವು ಆಗ್ತದಾ?”

“ಬೇವು ಹುಳ ತಿನ್ನೋದಿಲ್ಲ, ಸರಿ. ಆದ್ರೆ ಇಷ್ಟುದ್ದ ನೇರ ಹಲಗೆ ಬೇವಲ್ಲಿ ಸಿಗ್ತದಾ? ತಿರುಚ್ಕೊಂಡು ನಿಂತ್ಬುಡ್ತದೆ. ಜಾಲಿ ಗಾಡಿ ಚಕ್ರಕ್ಕೆ ಚೆಂದ, ಹಲಗೆಗೆ ಗಿಡ್ಡ. ತೇಗ ನಿಮ್ಗೂ ಬೇಡ, ನನ್ಗೂ ಬೇಡ, ಅರಮನೆಯವ್ರಿಗಿರ್ಲಿ. ಹೊನ್ನೆ ಬೇಕು ಮಾಸ್ಟ್ರೇ. ಹೊನ್ನೆ ಕೆಚ್ಚು.”

ಕೆಚ್ಚು ಎಂದರೆ ಮರದ ನಡುವಿನ ಗಟ್ಟಿ ಭಾಗ, ಸುತ್ತಲಿನ ಬಿಳಿಮರವನ್ನು ಗೆದ್ದಲು ತಿಂದರೂ ಅದನ್ನು ಮುಟ್ಟುವುದಿಲ್ಲ ಎಂದು ಅವರು ಮುರಿದ ಚೂರೊಂದನ್ನು ತೋರಿಸಿ ನನಗೇ ವಿವರಿಸಿದರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದಿದ್ದೆ. ಆದರೆ ಹಸಿ ಹೊನ್ನೆ ಕಡಿದು ತಂದರೆ ಅದು ಒಣಗಲು ಒಂದು ವರ್ಷವಾದರೂ ಬೇಕು. ಒಣಗದ ಮರ ಹಾಸಿದರೆ ಅದೂ ಬಾಗುತ್ತದೆ, ಸೀಳುತ್ತದೆ.

“ಮನೆ ಕೆಡವಿದ್ದು ಹಳೇ ತೊಲೆ ಎಲ್ಲಾದ್ರೂ ಇದ್ರೆ ನೋಡಿ” ಎಂದು ಹೇಳಿ ಬುಡನ್ ಸಾಬರು ಅಪ್ಪ ಕೊಟ್ಟ ಕಾಫಿ ಕುಡಿದು ಹೋದರು.

ಅಜ್ಜಿ ಅಡುಗೆಮನೆಯಲ್ಲಿ ಹುರುಳಿ ಆರಿಸುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ಸೀರೆ ಬದಲಾಯಿಸಿ, ಒಂದು ಚೀಲ ಹಿಡಿದು, “ಮಿಡಿಗೇಶಿಗೆ ಹೋಗ್ತೀನಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ರೋಗದ ಮನೆಯಲ್ಲಿ ಇರಲಾರದೆ ತವರಿಗೆ ಹೋದರು ಎಂದು ಅಕ್ಕಪಕ್ಕದವರು ಅಂದುಕೊಂಡರು. ಅಪ್ಪನೂ ಹಾಗೇ ಅಂದುಕೊಂಡರೆಂದು ಕಾಣುತ್ತದೆ, ಏಕೆಂದರೆ ಅಂದು ರಾತ್ರಿ ಊಟಕ್ಕೆ ಅವರು ಮುದ್ದೆ ತಿರುವಲು ಹೋಗಿ ಕೈ ಸುಟ್ಟುಕೊಂಡು, ಅನ್ನಕ್ಕೆ ಮಜ್ಜಿಗೆ ಹಾಕಿ ನನಗೆ ಕೊಡುವಾಗ, “ಇನ್ಮೇಲೆ ನಾವೇ ಮಾಡ್ಕೋಬೇಕು” ಎಂದರು. ಒಂದು ದಿನವಾಯಿತು, ಎರಡು ದಿನವಾಯಿತು, ಮೂರು ದಿನವಾಯಿತು. ನಡುಕೋಣೆಯಿಂದ ಅಮ್ಮ, “ಅತ್ತೆ ಬಂದ್ರಾ?” ಎಂದು ಕೇಳುತ್ತಿದ್ದಳು. ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ನಮ್ಮ ಬೀದಿಗೆ ಎತ್ತಿನ ಗಾಡಿಯೊಂದು ಬಂತು. ಗಾಡಿಯಿಂದ ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡ ಕರ್ರನೆಯ ತೊಲೆಗಳು. ಅವುಗಳ ಮೇಲೆ ಅಜ್ಜಿ, ತಲೆಗೆ ಸೆರಗು ಸುತ್ತಿಕೊಂಡು, ಮೆರವಣಿಗೆಯಲ್ಲಿ ಬಂದವರಂತೆ ಕೂತಿದ್ದರು. ಮಿಡಿಗೇಶಿಯ ಕೋಟೆಯ ಕೆಳಗಿನ ಅವರ ತವರಿನ ಹಳೆಯ ಮಾಳಿಗೆ ಮನೆ ಬಿದ್ದುಹೋಗಿ ಕೆಲವು ವರ್ಷಗಳಾಗಿತ್ತು. ಅದರ ಹೊನ್ನೆ ತೊಲೆಗಳನ್ನು ಅಜ್ಜಿಯ ತಮ್ಮ ತನ್ನ ಹೊಸ ಮನೆಗೆಂದು ಕೊಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದ. ಅಪ್ಪ ಗಾಡಿಯ ಪಕ್ಕ ಬಾಯಿ ಬಿಟ್ಟುಕೊಂಡು ನಿಂತರು.

“ಹೆಂಗೆ ಕೊಟ್ಟ ಮಾವ?”

“ಎಲ್ಲಿ ಕೊಟ್ಟ. ನನ್ನ ಮದ್ವೇಲಿ ಅಪ್ಪ ಏನ್ ಬೇಕು ಕೇಳವ್ವ ಅಂದಾಗ ಏನೂ ಬ್ಯಾಡ ಅಂದಿದ್ದೆ. ಈಗ ಕೇಳ್ತಿದೀನಿ ಕಣ್ಲಾ ಅಂದೆ. ಆಗಾಕಿಲ್ಲ ಅಂದ. ಮೂರು ದಿನ ತೊಲೆ ಮ್ಯಾಲೇ ಕೂತಿದ್ದೆ. ಉಣ್ಣಾಕೂ ಎದ್ದು ಹೋಗ್ಲಿಲ್ಲ, ಅವನ ಹೆಂಡ್ರು ಅಲ್ಲಿಗೇ ತಂದ್ಕೊಟ್ಳು. ನಾಕ್ನೇ ದಿನ ಅವನೇ ಗಾಡಿ ಹೂಡ್ದ.”

ಇಳಿದು ಸೀರೆ ಕೊಡವಿಕೊಂಡು ಅವರು ಅಪ್ಪನ ಕೋಟಿನ ಜೇಬನ್ನು ನೋಡಿದರು. ಆ ಕಾಗದದ ವಿಷಯ ಅವರಿಗೂ ಗೊತ್ತಿತ್ತು.

“ಮರ ತಂದಿದೀನಿ. ಇನ್ನ ಅವಳನ್ನ ಎಲ್ಗೂ ಕಳಿಸ್ಬ್ಯಾಡ.”

ಒಳಗೆ ಅಮ್ಮ ಅಳುವುದು ಕೇಳಿಸಿತು. ಅಜ್ಜಿ ಅತ್ತ ಹೋಗಲಿಲ್ಲ. ನೇರ ಅಡುಗೆಮನೆಗೆ ಹೋಗಿ, ನಾಲ್ಕು ದಿನ ಅಪ್ಪ ಪಾತ್ರೆಗಳಿಗೆ ಮಾಡಿದ ಅವಸ್ಥೆಯನ್ನು ಬೈಯಲು ಶುರು ಮಾಡಿದರು. ಆ ಬೈಗುಳ ಕೇಳಿದಾಗ ನನ್ನ ಎದೆ ಹಗುರವಾದದ್ದು ಇವತ್ತಿಗೂ ನೆನಪಿದೆ.

ಬುಡನ್ ಸಾಬರು ಮಗನನ್ನು ಕರೆದುಕೊಂಡು ಬಂದರು. ಮೊದಲ ದಿನವೆಲ್ಲ ಅವರು ಮರ ಕೊಯ್ಯಲೇ ಇಲ್ಲ. ಒಂದೊಂದು ತೊಲೆಯನ್ನೂ ಮರದ ಕೊಡತಿಯಿಂದ ತಟ್ಟಿ ಕಿವಿಗೊಟ್ಟರು. ಹೆಚ್ಚಿನವು ಗಂಟೆಯಂತಲ್ಲದಿದ್ದರೂ ಗಟ್ಟಿಯಾಗಿ ಉತ್ತರ ಕೊಟ್ಟವು. ಎರಡು ತೊಲೆಗಳು ಮಂದವಾಗಿ ಸದ್ದು ಮಾಡಿದವು. ಅವನ್ನು ಪಕ್ಕಕ್ಕೆ ಹಾಕಿಸಿದರು. ಅಜ್ಜಿಗೆ ಅದು ಅವಮಾನವೆನಿಸಿ, “ನಮ್ಮಪ್ಪನ ಮನೆ ತೊಲೆ ಅವು” ಎಂದರು. ಬುಡನ್ ಸಾಬರು ಒಂದರ ತುದಿಯನ್ನು ಕೊಯ್ದು ಒಳಗಿನ ಟೊಳ್ಳು ತೋರಿಸಿದ ಮೇಲೆ ಅಜ್ಜಿಯೇ ಅವೆರಡನ್ನೂ ಸೌದೆಗೆ ಸೀಳಿಸಿದರು. ಆಮೇಲೆ ತಂದೆ ಮಗ ಇಬ್ಬರೂ ಆಚೆ ಈಚೆ ನಿಂತು ಉದ್ದ ಗರಗಸ ಎಳೆದರು. ಕರಿಬಣ್ಣದ ತೊಲೆಯ ಒಳಗಿನಿಂದ ಜೇನಿನ ಬಣ್ಣದ ಹಲಗೆಗಳು ಹೊರಬಂದವು. ಅಂಚಿನ ಬಿಳಿಮರವನ್ನೆಲ್ಲ ಅವರು ಕೆತ್ತಿ ತೆಗೆದರು.

ಈ ಸಲ ಗಳ ನೆಡಲಿಲ್ಲ. ಕಲ್ಲುಕುಟಿಗರಿಂದ ಇಳಿಜಾರಿಗೆ ತಕ್ಕಂತೆ ಮೊಳಕಾಲಿನಿಂದ ಸೊಂಟದೆತ್ತರದವರೆಗಿನ ಕಲ್ಲುಕಂಬಗಳನ್ನು ತರಿಸಿ ಬಂಡೆಯ ಮೇಲೆ ನಿಲ್ಲಿಸಿದರು. ಮರ ಮಣ್ಣನ್ನು ಎಲ್ಲೂ ಮುಟ್ಟಬಾರದು ಎಂದರು ಬುಡನ್ ಸಾಬರು. ಕಂಬಗಳ ಮೇಲೆ ಅಡ್ಡತೊಲೆ, ಅದರ ಮೇಲೆ ಹಲಗೆ, ಬಂಡೆಯ ಇಳಿಜಾರಿನ ಕಡೆಗೆ ಕಣ್ಣಿಗೆ ಕಾಣದಷ್ಟು ಓರೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರವನ್ನು ತಿನ್ನುತ್ತದೆಂದು ಜಾಲಿಯ ಗೂಟಗಳನ್ನು ಕೆತ್ತಿ ಬಡಿದರು. ಹಲಗೆ ಹಲಗೆಯ ನಡುವೆ ಎಷ್ಟು ಸಂದು ಬಿಡಬೇಕೆಂದು ಅಪ್ಪ ಕೇಳಿದಾಗ ಅವರು ನನ್ನನ್ನು ಕರೆದರು.

“ಬಾ ಬೇಟಿ, ನಿನ್ನ ಕಿರುಬೆರಳು ಇಲ್ಲಿಡು. ಹಾಂ, ಇಷ್ಟೇ. ನೀರು ಇಳಿಬೇಕು, ಗಾಳಿ ಏರ್ಬೇಕು, ಅಮ್ಮನ ಕಾಲ್ಬೆರಳು ಸಿಗಾಕೋಬಾರ್ದು.”

ಒಂದು ಕಡ್ಡಿಯನ್ನು ನನ್ನ ಬೆರಳಿನ ದಪ್ಪಕ್ಕೆ ಕೆತ್ತಿಕೊಂಡು, ಎಲ್ಲ ಸಂದುಗಳಿಗೂ ಅದನ್ನೇ ಇಟ್ಟು ಅಳೆದರು. ಕೊನೆಗೆ ಅಗಸೆ ಎಣ್ಣೆ ಕಾಯಿಸಿ ಎರಡು ಸಲ ಬಳಿದರು. ಹಲಗೆಯ ಮೈಗಿಂತ ಕೊಯ್ದ ತುದಿಗಳಿಗೆ ಹೆಚ್ಚು. ಮರ ನೀರು ಕುಡಿಯುವುದು ತುದಿಯಿಂದ, ಅಲ್ಲಿ ಬಾಯಿ ಕಟ್ಟಿದರೆ ಅರ್ಧ ಗೆದ್ದ ಹಾಗೆ ಎಂದರು. ವಾಸನೆ ಹೋಗಲೆಂದು ಒಂದು ವಾರ ಬಿಸಿಲಿಗೆ ಬಿಟ್ಟು, ಆಮೇಲೆ ಅಮ್ಮನನ್ನು ಹೊರಗೆ ತಂದೆವು.

ಮೂರೇ ದಿನಕ್ಕೆ ದೊಡ್ಡ ಮಳೆ ಬಂತು. ನಿಂತ ಮೇಲೆ ಅಜ್ಜಿ ಹೊರಗೆ ಹೋಗಿ ನೋಡಿ ಅಲ್ಲೇ ಕುಸಿದು ಕೂತರು. ಹಲಗೆಗಳ ಸಂದಿನಿಂದ ಹಳದಿ ನೀರು ಇಳಿದು ಬಂಡೆಯ ಮೇಲೆಲ್ಲ ಹರಿಯುತ್ತಿತ್ತು. ಬೆಳಕು ಬಿದ್ದ ಕಡೆ ಅದರೊಳಗೆ ನೀಲಿ ಹೊಳಪು ಬೇರೆ.

“ಕೊಳ್ತೋಯ್ತು ಕಣ್ಲಾ ನಂಜುಂಡ. ನಮ್ಮಪ್ಪನ ಮರಾನೂ ಕೊಳ್ತೋಯ್ತು.”

ಅಪ್ಪ ಆಗಿಂದಾಗಲೇ ಸೈಕಲ್ಲು ಹತ್ತಿ, ಊರಾಚೆ ಬೇರೊಂದು ಕೆಲಸದಲ್ಲಿದ್ದ ಬುಡನ್ ಸಾಬರನ್ನು ಕರೆದುಕೊಂಡು ಬಂದರು. ಅವರು ಹಳದಿ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ ನಕ್ಕರು.

“ಅಮ್ಮಾ, ಇದು ಹೊನ್ನೆ ಬಣ್ಣ. ಹೊಸದಾಗಿ ಕೊಯ್ದಿದ್ದಲ್ವಾ, ನಾಕು ಮಳೆ ಬಣ್ಣ ಬುಡ್ತದೆ, ಆಮೇಲೆ ನಿಂತೋಗ್ತದೆ. ನಮ್ಮ ಮನೇಲಿ ಸಕ್ಕರೆ ಕಾಯಿಲೆಯೋರು ಹೊನ್ನೆ ಲೋಟದಲ್ಲಿ ನೀರಿಟ್ಟು ಇದನ್ನೇ ಕುಡೀತಾರೆ.”

ಚಾಕು ತೆಗೆದು ಹಲಗೆಗೆ ಒತ್ತಿದರು. ಅಲಗು ಇಳಿಯಲಿಲ್ಲ. ಅಜ್ಜಿಗೆ ಚಾಕು ಕೊಟ್ಟರು. ಅಜ್ಜಿ ಎರಡೂ ಕೈಯಿಂದ ಒತ್ತಿದರು, ಆಗಲೂ ಇಳಿಯಲಿಲ್ಲ. ಅವರು ಚಾಕು ಹಿಂದಕ್ಕೆ ಕೊಟ್ಟು, ಸಾಬರಿಗೆ ಕೊಡಲೆಂದು ಬೆಲ್ಲ ತರಲು ಒಳಗೆ ಹೋದರು.

ಹೋಗುವ ಮುನ್ನ ಬುಡನ್ ಸಾಬರು ಆ ಅಟ್ಟಣೆಯನ್ನು ನನಗೆ ಒಪ್ಪಿಸಿದರು. ಮರ ಒಳ್ಳೆಯದೆಂದು ಮರೆತು ಕೂರಬಾರದು, ವಾರಕ್ಕೊಮ್ಮೆ ಸಂದಿನ ಕಸ ತೆಗೆಯಬೇಕು, ಪಾಚಿ ಕಂಡರೆ ತೆಂಗಿನ ನಾರಿನಿಂದ ಉಜ್ಜಬೇಕು, ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಎಣ್ಣೆ ಕುಡಿಸಬೇಕು, ಕಲ್ಲುಕಂಬದ ಮೇಲೆ ಗೆದ್ದಲಿನ ಮಣ್ಣು ಕಂಡ ದಿನವೇ ಕೆರೆದು ಹಾಕಬೇಕು. ಗೆದ್ದಲಿನ ದಾರಿಯನ್ನು ಒಮ್ಮೆ ಕಂಡೂ ಸುಮ್ಮನಿದ್ದವಳು ನಾನು. ಒಂದನ್ನೂ ಮರೆಯಲಿಲ್ಲ. ಅಮ್ಮ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಮೇಲಿನ ಕೆಲಸ ಮುಗಿಸುತ್ತಿದ್ದೆ. ಅವಳು ಬಂದು ಮಲಗಿದ ಮೇಲೆ ಕೆಳಗಿನ ಕೆಲಸ ಉಳಿದಿರುತ್ತಿತ್ತು. ಅಟ್ಟಣೆಯ ತಗ್ಗಿನ ಕಡೆ, ಅಂದರೆ ಮನೆಯ ಕಡೆ, ಬಂಡೆ ಇಳಿದುಹೋದಲ್ಲಿ ಕಂಬಗಳು ಎತ್ತರ, ನಾನು ಕುಕ್ಕರಗಾಲಲ್ಲಿ ಕೂರುವಷ್ಟು ಜಾಗವಿತ್ತು. ಅಮ್ಮ ಮಲಗುತ್ತಿದ್ದದ್ದು ಬೆಟ್ಟದ ಕಡೆಗೆ ತಲೆಯಿಟ್ಟು, ಮನೆಯ ಕಡೆಗೆ ಕಾಲು ಚಾಚಿ. ನಾನು ಮನೆಯ ಕಡೆಯ ಕಂಬಗಳ ಹತ್ತಿರವಷ್ಟೇ ಇರಬೇಕೆಂದು ಅಪ್ಪ ಡಾಕ್ಟರನ್ನು ಕೇಳಿಕೊಂಡು ಬಂದು ಅಪ್ಪಣೆ ಕೊಟ್ಟರು. ಅಲ್ಲಿ ಬಹುತೇಕ ಮಲಗಿಕೊಂಡೇ ತೊಲೆಗಳಿಗೆ ಎಣ್ಣೆಬಟ್ಟೆ ತಿಕ್ಕುತ್ತಿದ್ದೆ. ಮೇಲೆ ಸಂದಿನಲ್ಲಿ ಅಮ್ಮನ ಸೀರೆಯ ಅಂಚು, ಪಾದದ ಬೆಳ್ಳಿಯುಂಗುರ ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಹಾಗೆಯೇ ನಾವು ಮಾತಾಡಿದೆವು. ಮಗ್ಗಿ ಒಪ್ಪಿಸಿದೆ, ಪಾಠ ಓದಿದೆ. ಅವಳು ವಳ್ಳೂರಿನ ಕತೆಗಳನ್ನು ಅರ್ಧ ತೆಲುಗಿನಲ್ಲಿ ಹೇಳಿದಳು. ಮುಖ ಕಾಣದಿದ್ದುದರಿಂದಲೇ ಒಂದು ದಿನ ನನಗೆ ಧೈರ್ಯ ಬಂತು.

“ಅಮ್ಮ, ಅವತ್ತು ನಾನು ಬಂದಿದ್ದಕ್ಕೇ ನೀನು ಬಿದ್ದಿದ್ದು.”

ಮೇಲೆ ಬಳೆಗಳ ಸದ್ದಾಯಿತು, ಅಮ್ಮ ಎದ್ದು ಕೂತಳು.

“ಇಷ್ಟು ದಿನ ಇದನ್ನ ಇಟ್ಕೊಂಡಿದ್ಯಾ? ಆ ಹಲಗೆ ಅವತ್ತಲ್ಲದಿದ್ರೆ ಮಾರನೇ ದಿನ ಮುರೀತಿತ್ತು. ಕೊಳೆತಿದ್ದು ಮಾವು ಕಣಮ್ಮ, ನೀನಲ್ಲ. ಮೂಲೆ ಕಂಬದ ಹತ್ರ ಸರಿಯಾಗಿ ಎಣ್ಣೆ ಹಚ್ಚು.”

ನಾನು ಮೂಲೆಯ ಕಂಬದ ಹತ್ತಿರ ಎಣ್ಣೆ ಹಚ್ಚಿದೆ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು, ಮಲಗಿಕೊಂಡು ಅತ್ತರೆ ಹಾಗೇ ಆಗುವುದು. ನಾನು ಮುಂದೆ ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿ ಕೆಲಸ ಮಾಡಿದೆ. ತಪ್ಪು ಒಪ್ಪಿಕೊಳ್ಳಲು ಬಂದ ಮಕ್ಕಳ ಮುಖವನ್ನು ನಾನು ನೇರ ನೋಡುತ್ತಿರಲಿಲ್ಲ, ಯಾವುದಾದರೂ ಪುಸ್ತಕ ಜೋಡಿಸುವ ಕೆಲಸ ಕೊಟ್ಟು ಕೇಳಿಸಿಕೊಳ್ಳುತ್ತಿದ್ದೆ. ಅದನ್ನು ಯಾವ ತರಬೇತಿಯಲ್ಲೂ ಕಲಿತದ್ದಲ್ಲ.

ಆ ಅಟ್ಟಣೆ ನನ್ನ ಮದುವೆಯಾದ ಮೇಲೂ ಇತ್ತು. ಅಜ್ಜಿ ಅದರ ಮೇಲೆ ಸಂಡಿಗೆ ಒಣಗಿಸಿದರು, ಅವರೇಕಾಯಿ ಸುಲಿದರು. ಹಲಗೆಗಳು ಬೂದುಬಣ್ಣಕ್ಕೆ ತಿರುಗಿ ನಯವಾದವು. ಬದಲಾಯಿಸಬೇಕಾಗಿ ಬಂದದ್ದು ಚಪ್ಪರದ ಗರಿ ಮಾತ್ರ. ಬಯಲಿನಲ್ಲಿ ಮರ ಹಾಸಿದ ಮನೆ ಎಂದು ಮೊದಲು ನಕ್ಕ ಬೀದಿಯವರು ಆಮೇಲೆ ಬೇಸಿಗೆಯ ಸಂಜೆಗಳಲ್ಲಿ ಬಂದು ಕೂರುತ್ತಿದ್ದರು. ಆದರೆ ನಾನು ಹೇಳಬೇಕಾದದ್ದು ಅದಕ್ಕೆ ಎಷ್ಟೋ ಮೊದಲಿನ ಒಂದು ದಿನದ ವಿಷಯ.

ಔಷಧಿ ಶುರುವಾಗಿ ಒಂದೂವರೆ ವರ್ಷ ಕಳೆದ ಮೇಲೆ ಡಾಕ್ಟರು ಅಮ್ಮನನ್ನು ಎದೆಯ ಫೋಟೋ ತೆಗೆಸಲು ತುಮಕೂರಿಗೆ ಕಳಿಸಿದರು. ಅಪ್ಪ ಅಮ್ಮ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರು. ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಅದಾಗಲೇ ಮೂರು ಸಲ ಬಂದಿತ್ತು. ಇದೊಂದು ಬಾಕಿ. ನಾನು ಶಾಲೆಗೆ ಹೋಗಲಿಲ್ಲ. ಅಜ್ಜಿ ಬೈಯಲಿಲ್ಲ. ಅವರು ಬೆಳಗಿನಿಂದ ಒಂದೇ ಮೊರದ ರಾಗಿಯನ್ನು ಮತ್ತೆ ಮತ್ತೆ ಕೇರುತ್ತಿದ್ದರು. ಮಧ್ಯಾಹ್ನ ಅವರು ಎದ್ದು, ಪುಂಡಿಸೊಪ್ಪು ಬಿಡಿಸಿ, ಬೇಳೆ ಬೇಯಿಸಿ, ಅಮ್ಮ ಮಾಡುವ ಹಾಗೆಯೇ ಪಪ್ಪು ಮಾಡಲು ನೋಡಿದರು. ಉಪ್ಪು ನೋಡು ಎಂದು ನನ್ನ ಅಂಗೈಗೆ ಹಾಕಿದರು. ಹುಳಿ ಹೆಚ್ಚಾಗಿತ್ತು. ಚೆನ್ನಾಗಿದೆ ಎಂದೆ.

ಬಿಸಿಲು ಬೆಟ್ಟದ ಆಚೆ ಇಳಿಯುವ ಹೊತ್ತಿಗೆ ಅವರಿಬ್ಬರೂ ಬೀದಿಯ ತಿರುವಿನಲ್ಲಿ ಕಾಣಿಸಿದರು. ಅಪ್ಪನ ಕೈಯಲ್ಲಿ ದೊಡ್ಡ ಕಂದು ಲಕೋಟೆ. ಅಪ್ಪ ದೂರದಿಂದಲೇ ತಲೆ ಆಡಿಸಿದರು. ಹೌದೆಂದೋ ಅಲ್ಲವೆಂದೋ ಗೊತ್ತಾಗಲಿಲ್ಲ. ಜಗಲಿ ಹತ್ತಿ, ಚಪ್ಪಲಿ ಬಿಟ್ಟು, ಲಕೋಟೆಯನ್ನು ಅಜ್ಜಿಯ ಕೈಗೆ ಕೊಟ್ಟರು, ಓದು ಬಾರದ ಅಜ್ಜಿಯ ಕೈಗೆ.

“ಎದೆಯೊಳಗಿನ ಗಾಯ ಒಣಗಿದೆಯಂತೆ ಕಣಮ್ಮ. ಎರಡೂ ಕಡೆ. ಇನ್ನ ಮಾತ್ರೆನೂ ಬೇಡವಂತೆ. ಒಳಗೇ ಮಲಗ್ಬಹುದಂತೆ, ಎಲ್ಲರ ಜೊತೆ.”

ಅಜ್ಜಿ ಲಕೋಟೆಯನ್ನು ತಲೆಕೆಳಗಾಗಿ ಹಿಡಿದುಕೊಂಡು, “ಬಾರವ್ವ ಒಳಕ್ಕೆ. ಬಿಸ್ನೀರು ಕಾದೈತೆ” ಎಂದರು.

ಅಮ್ಮ ಪಡಸಾಲೆಗೆ ಬಂದು ಗೋಡೆಗೊರಗಿ ಕೂತಳು. ನನ್ನ ಕಡೆ ನೋಡಿ ಕೈ ಚಾಚಿದಳು.

“ಬಾ.”

ನಾನು ನಿಂತಲ್ಲೇ ನಿಂತಿದ್ದೆ. ಹೋಗಬೇಕೆಂದು ಆಸೆಯಿತ್ತು, ಕಾಲು ಕೇಳಲಿಲ್ಲ. ಒಂದೂವರೆ ವರ್ಷ ಅದೇ ದೂರವನ್ನು ಅಳೆದು ಅಳೆದು ನಿಂತ ಕಾಲು. ಅಮ್ಮ ಮತ್ತೆ ಕರೆಯಲಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಜ್ಜಿ ಹಿಂದಿನಿಂದ ಬಂದು ನನ್ನ ಬೆನ್ನಿಗೆ ಅಂಗೈ ಇಟ್ಟು ಮೆಲ್ಲಗೆ ತಳ್ಳಿದರು.

“ಹೋಗು ಕಮ್ಲ. ಇನ್ನೇನಿಲ್ಲ, ಹೋಗು.”

ಮೂರು ಹೆಜ್ಜೆ ಇಟ್ಟೆ. ಆಮೇಲೆ ಎಣಿಸಲಿಲ್ಲ. ಅಮ್ಮನ ಕತ್ತಿನಲ್ಲಿ ಮುಖ ಹುದುಗಿಸಿದೆ. ಬಸ್ಸಿನ ಧೂಳು, ಬೆವರು, ಆಸ್ಪತ್ರೆಯ ವಾಸನೆ ಇತ್ತು. ಸಂಜೆಯ ಜ್ವರದ ಹೊತ್ತಾಗಿತ್ತು, ಆದರೂ ಅವಳ ಮೈ ತಣ್ಣಗಿತ್ತು.